ಕುರ್ಚಿ ಇಳಿಯುವ ಯೋಗ

ಬೆಳಗ್ಗೆ ಬೇಗ ಏಳುವವರಿಗೆ ಒಂದು ಸಣ್ಣ ಅಹಂಕಾರ ಇದ್ದೇ ಇರುತ್ತದೆ. ಊರೆಲ್ಲ ಹೊದ್ದು ಮಲಗಿರುವಾಗ ತಾವು ಎದ್ದು ಓಡಾಡುತ್ತಿದ್ದೇವೆ ಎನ್ನುವುದೇ ಅವರ ಬೆನ್ನನ್ನು ನೆಟ್ಟಗೆ ಮಾಡಿಬಿಡುತ್ತದೆ. ಹಾಲು ಹಾಕುವವನು ಎದುರಾದರೆ ತಮ್ಮ ಪಂಗಡದವನು ಸಿಕ್ಕ ಹಾಗೆ ನಗುತ್ತಾರೆ. ಬಾಗಿಲು ತೆರೆಯದ ಮನೆಗಳನ್ನು ಕನಿಕರದಿಂದ ನೋಡುತ್ತ ಮುಂದೆ ಹೋಗುತ್ತಾರೆ. ಕಂಕುಳಲ್ಲಿ ಸುತ್ತಿದ ಯೋಗದ ಚಾಪೆಯೂ ಇದ್ದರೆ ಕೇಳುವುದೇ ಬೇಡ. ನನ್ನದು ನೇರಳೆ ಬಣ್ಣದ ಚಾಪೆ. ಅದನ್ನು ಹಿಡಿದು ಶಿರಸಿಯ ಬನವಾಸಿ ರಸ್ತೆಯಲ್ಲಿ ಮೊದಲ ಸಲ ಹೊರಟಾಗ, ರಂಗೋಲಿ ಹಾಕುತ್ತಿದ್ದ ಎದುರುಮನೆಯ ನಾಗರತ್ನಾ ತಲೆಯೆತ್ತಿ, "ಟೀಚರ್, ಚಲೋ ಉಂಟು. ಎಲ್ಲಿಗೆ ಹಾಸ್ತ್ರಿ ಇದನ್ನ, ಬಚ್ಚಲಿಗಾ?" ಎಂದು ಕೇಳಿದಳು. ನಾನು ನಿಂತು, ಸ್ವರ ತಗ್ಗಿಸಿ, "ಇಲ್ಲವಾ, ಇದು ಯೋಗಕ್ಕ. ಸ್ವಲ್ಪ ಅಧ್ಯಾತ್ಮದ ಕಡೆ ಮನಸ್ಸು ಹೊಂಟೈತಿ" ಎಂದೆ. ಅವಳ ಮುಖದಲ್ಲಿ ಗೌರವವೋ ಮರುಕವೋ ಏನೋ ಒಂದು ಮೂಡಿತು. ಗೌರವವೇ ಇರಬೇಕೆಂದು ತೀರ್ಮಾನಿಸಿ ಮುಂದೆ ನಡೆದೆ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನನ್ನ ಮನಸ್ಸು ಹೊರಟಿದ್ದು ಅಧ್ಯಾತ್ಮದ ಕಡೆಗಲ್ಲ, ನಿಶ್ಶಬ್ದದ ಕಡೆಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ಬೀಜಗಣಿತ ಅರ್ಥವಾಗದ ಮಕ್ಕಳೆಲ್ಲ ಸೇರಿದರೆ ಎಷ್ಟು ಸದ್ದು ಹುಟ್ಟುತ್ತದೆ ಎನ್ನುವುದಕ್ಕೆ ಯಾವ ಸೂತ್ರವೂ ಇಲ್ಲ. ಮನೆಗೆ ಬಂದರೆ, ಪಂಪ್‌ಸೆಟ್ಟಿನ ಅಂಗಡಿ ಇಟ್ಟಿರುವ ನಮ್ಮ ಮನೆಯವರು ಫೋನಿನಲ್ಲಿ ದೂರದ ತೋಟದವರಿಗೆ ಪೈಪಿನ ಅಳತೆಯನ್ನು ಆ ತೋಟಕ್ಕೇ ಕೇಳಿಸುವಂತೆ ಹೇಳುತ್ತಿರುತ್ತಾರೆ. ಇನ್ನು ಅತ್ತೆ. ಅತ್ತೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅತ್ತೆ ಎಂದ ಕೂಡಲೇ ಓದುವವರು ಯಾವುದಾದರೊಂದು ಪಕ್ಷ ಹಿಡಿದು ಕೂತುಬಿಡುತ್ತಾರೆ. ನಮ್ಮ ಅತ್ತೆ ಗಂಗವ್ವ ಒಳ್ಳೆಯವರು, ಕೈಗುಣ ಇರುವವರು, ಆದರೆ ಮಾತಾಡುತ್ತಾರೆ. ನಲ್ಲಿಯ ಜೊತೆ ಮಾತಾಡುತ್ತಾರೆ, ಕುಕ್ಕರಿನ ಜೊತೆ ಮಾತಾಡುತ್ತಾರೆ, ಟಿ.ವಿ.ಯಲ್ಲಿ ಸುದ್ದಿ ಓದುವ ಹುಡುಗಿಗೆ "ಊಟ ಮಾಡಿಲ್ಲೇನವಾ, ಸೊರಗಿಯಲ್ಲ" ಎನ್ನುತ್ತಾರೆ. ಇವರೆಲ್ಲ ಉತ್ತರ ಕೊಡುವುದಿಲ್ಲವಾದ್ದರಿಂದ ಉತ್ತರ ಕೊಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ದಿನದಲ್ಲಿ ಒಂದೇ ಒಂದು ತಾಸು ಯಾರೂ ನನ್ನ ಹೆಸರು ಕರೆಯದ ಜಾಗ ಬೇಕಾಗಿತ್ತು. ಅಂಥ ಜಾಗಕ್ಕೆ ಹೋಗುತ್ತೇನೆಂದು ಸೊಸೆಯಾದವಳು ಮನೆಯಲ್ಲಿ ಹೇಳುವುದು ಹೇಗೆ? ಅಧ್ಯಾತ್ಮ ಎಂದರೆ ಯಾರೂ ಬೇಡವೆನ್ನುವುದಿಲ್ಲ.

ನಮ್ಮ ಯೋಗ ನಡೆಯುತ್ತಿದ್ದುದು ಒಂದು ಸಣ್ಣ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಕಲಿಸುವವರು ಸಾವಿತ್ರಕ್ಕ. ಸಿದ್ದಾಪುರದ ಬಿಳಗಿ ಕಡೆಯವರು, ತೆಳ್ಳಗೆ, ಬಿಳಿ ಕೂದಲು, ನಡೆದರೆ ನೆಲಕ್ಕೆ ನೋವಾದೀತೇನೋ ಎಂಬಂಥ ಹೆಜ್ಜೆ. ಯಾರಿಗಾದರೂ ಭಂಗಿ ಬರದಿದ್ದರೆ ಬೈಯುತ್ತಿರಲಿಲ್ಲ. "ಅಡ್ಡಿಲ್ಲೆ, ಅಡ್ಡಿಲ್ಲೆ, ಆದಷ್ಟೇ ಮಾಡಿ" ಎನ್ನುತ್ತಿದ್ದರು. ನನ್ನ ಮಟ್ಟಿಗೆ ಅಧ್ಯಾತ್ಮದಲ್ಲಿ ನಾನು ಕೇಳಿದ ಅತ್ಯಂತ ಸಮಾಧಾನದ ಮಾತು ಅದು. ಗಣಿತದಲ್ಲಿ ಯಾರಿಗೂ ಹಾಗೆ ಹೇಳುವಂತಿಲ್ಲ. ಮೊದಮೊದಲ ದಿನಗಳು ಸ್ವರ್ಗವೇ ಸರಿ. ಕೊನೆಗೆ ಕಣ್ಣು ಮುಚ್ಚಿ ಕೂರಿಸಿ, "ಹುಬ್ಬುಗಳ ನಡುವೆ ಬೆಳಕನ್ನು ನೋಡಿ" ಎನ್ನುತ್ತಿದ್ದರು. ನನಗೆ ಕಾಣುತ್ತಿದ್ದುದು ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟು. ಅದೂ ಬೆಳ್ಳಗೇ ಇರುತ್ತದೆ, ಹತ್ತಿರಹತ್ತಿರ ಬಂದ ಹಾಗಾಯಿತು ಎಂದು ತೃಪ್ತಿಪಟ್ಟೆ. ಮುಖ್ಯವಾಗಿ ಅಲ್ಲಿ ಮಾತಿರಲಿಲ್ಲ. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬಳು ನನ್ನ ಮುಖದಲ್ಲಿ ತೇಜಸ್ಸು ಬಂದಿದೆ ಎಂದಳು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದಿತ್ತು, ಆದರೆ ನಾನು ತಿದ್ದಲು ಹೋಗಲಿಲ್ಲ.

ಹೀಗಿರುವಾಗ ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ, "ಸುಮಂಗಲಾ, ನಾಳೆಯಿಂದ ನಾನೂ ಬರ್ತೇನಿ ನಿನ್ನ ಯೋಗಕ್ಕ" ಎಂದರು.

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲಿಯೇ ಹರಿಯಿತು. "ಅತ್ತಿ, ಅಲ್ಲಿ ಬಗ್ಗೂದು ಏಳೂದು ಭಾಳ ಇರ್ತೈತ್ರಿ. ನಿಮ್ಮ ಮೊಣಕಾಲಿಗೆ..." ಎಂದೆ.

"ಕುಂತು ನೋಡ್ತೇನಿ. ಮನ್ಯಾಗ ಗ್ವಾಡಿ ನೋಡೂದ್ಕಿಂತ ನಾಕ್ ಮಂದಿ ಮುಖಾ ನೋಡಬೌದಲ್ಲ."

ಅವರ ಮಗನಾದರೂ ಬೇಡವೆಂದಾನು ಎಂದು ಆಸೆಯಿಂದ ನೋಡಿದೆ. ನಮ್ಮ ಮನೆಯವರು ಫೋನು ಕೆಳಗಿಟ್ಟು, "ಚಲೋ ಆತಲ್ಲ, ಇಬ್ಬರೂ ಕೂಡಿ ಹೋಗ್ರಿ" ಎಂದು ಆಶೀರ್ವಾದ ಮಾಡಿದರು. ಇವರು ಒಮ್ಮೆ ಹಾಸಿಗೆಯ ಮೇಲೆ ಶೀರ್ಷಾಸನಕ್ಕೆ ಪ್ರಯತ್ನಿಸಿ, ಉರುಳಿ, ಕಪಾಟಿನ ಕನ್ನಡಿ ಒಡೆದ ಮೇಲೆ ಯೋಗದ ವಿಷಯದಲ್ಲಿ ಇವರ ಅಭಿಪ್ರಾಯವನ್ನು ನಾನು ಕೇಳುವುದನ್ನೇ ಬಿಟ್ಟಿದ್ದೆ. ಅತ್ತೆ ಬರುವುದು ನನ್ನನ್ನು ಕಾಯುವುದಕ್ಕೇ ಎಂಬುದರಲ್ಲಿ ನನಗೆ ಅನುಮಾನವೇ ಉಳಿಯಲಿಲ್ಲ. ಸೊಸೆ ಬೆಳಗ್ಗೆ ಬೆಳಗ್ಗೆ ಚಾಪೆ ಹಿಡಿದು ಎಲ್ಲಿಗೆ ಹೋಗುತ್ತಾಳೆ, ಯಾರ ಜೊತೆ ಕೂರುತ್ತಾಳೆ, ನೋಡಬೇಡವೇ?

ಮರುದಿನದಿಂದ ನನ್ನ ಹತ್ತು ನಿಮಿಷದ ದಾರಿ ಅರ್ಧ ತಾಸಿನದಾಯಿತು. ಅತ್ತೆ ಕೋಲೂರಿ ನಡೆಯುತ್ತ ಪ್ರತಿ ಗೇಟಿನ ಮುಂದೆಯೂ ನಿಂತು, ಆ ಮನೆಯ ಆರೋಗ್ಯ ವಿಚಾರಿಸಿ, "ಯೋಗಕ್ಕ ಹೊಂಟೇವಿ" ಎಂದು ಸಾರುತ್ತಿದ್ದರು. ಊಟದ ಹಾಲಿನಲ್ಲಿ ಸಾವಿತ್ರಕ್ಕ ಅವರಿಗೆ ಕುರ್ಚಿ ಹಾಕಿಸಿ, ಅಲ್ಲಿ ಮೊದಲೇ ಕುರ್ಚಿಯಲ್ಲಿ ಕೂತು ಕೈ ಮಾತ್ರ ಆಡಿಸುತ್ತಿದ್ದ ಮೆಹರುನ್ನೀಸಾ ಅವರ ಪಕ್ಕಕ್ಕೆ ಕೂರಿಸಿದರು. ಮೆಹರುನ್ನೀಸಾ ಯಲ್ಲಾಪುರದ ಹೆಣ್ಣುಮಗಳು, ಗಂಡನ ಲಾರಿ ವ್ಯವಹಾರಕ್ಕೆಂದು ಶಿರಸಿಗೆ ಬಂದು ನೆಲೆಸಿದವರು. ಬಿ.ಪಿ. ಎಂದು ಮಗಳು ಒತ್ತಾಯ ಮಾಡಿ ಸೇರಿಸಿದ್ದಳು. ನಾವೆಲ್ಲ ಓಂಕಾರ ಹೇಳುವಾಗ ಅವರು ಕಣ್ಣು ಮುಚ್ಚಿ ಸುಮ್ಮನೆ ಉದ್ದಕ್ಕೆ ಉಸಿರು ಬಿಡುತ್ತಿದ್ದರು, ನಮ್ಮೆಲ್ಲರಿಗಿಂತ ಉದ್ದಕ್ಕೆ. ಅದಕ್ಕೆ ಅವರೇ ಕಾರಣ ಹೇಳಿದ್ದರು: "ಮದುವೆ ಆದ ಹೊಸತರಲ್ಲಿ ಇವರ ಲಾರಿಯಲ್ಲಿ ಅರಬೈಲ್ ಘಾಟಿ ಇಳೀತಿದ್ದೆ ನೋಡಿ. ಮೇಲಿಂದ ಕೆಳಗಿನ ತನಕ ಉಸಿರೇ ಬಿಡ್ತಿರಲಿಲ್ಲ. ಕೆಳಗೆ ಮುಟ್ಟಿದ ಮೇಲೆ ಉದ್ದಕ್ಕೆ ಬಿಡೋದು. ಅಲ್ಲೇ ಕಲ್ತಿದ್ದು." ಈ ಮಾತು ಕೇಳಿದ ಕ್ಷಣದಿಂದ ಅತ್ತೆ ಅವರನ್ನು "ಮೆಹರವ್ವ" ಎಂದು ಕರೆದು ತಮ್ಮವರನ್ನಾಗಿ ಮಾಡಿಕೊಂಡರು. ಅಲ್ಲಿಗೆ ನನ್ನ ನಿಶ್ಶಬ್ದ ಮುಗಿಯಿತು.

ಮಂಟಪದಲ್ಲಿ ಮದುವೆ ಇದ್ದ ದಿನಗಳಲ್ಲಂತೂ ಪಕ್ಕದ ಅಡುಗೆಮನೆಯಲ್ಲಿ ನಸುಕಿಗೇ ಒಲೆ ಹತ್ತಿರುತ್ತಿತ್ತು. ಒಂದು ಬೆಳಗ್ಗೆ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದೇವೆ. ಸಾವಿತ್ರಕ್ಕ ಮೆಲ್ಲನೆ, "ನಿಮ್ಮ ಗಮನ ಎಲ್ಲ ಮೂಗಿನ ತುದಿಯಲ್ಲಿ ಇರಲಿ..." ಎಂದರು. ಸ್ವಲ್ಪ ಹೊತ್ತು ಗಂಭೀರ ಮೌನ. ಆಮೇಲೆ ಕುರ್ಚಿಯ ಕಡೆಯಿಂದ ಅತ್ತೆಯ ದನಿ ಬಂತು: "ಹೆಸರುಬ್ಯಾಳಿ ಪಾಯಸ."

"ಏಲಕ್ಕಿ ಜಾಸ್ತಿ ಆಯ್ತು" ಎಂದಿತು ಮೆಹರುನ್ನೀಸಾ ಅವರ ದನಿ.

ಹಾಲೆಲ್ಲ ನಕ್ಕಿತು. ಸಾವಿತ್ರಕ್ಕನೂ ನಕ್ಕರು. ಮೂಗಿನ ತುದಿಯಲ್ಲಿ ಗಮನ ಇಟ್ಟವರು ನಮ್ಮಲ್ಲಿ ಅವರಿಬ್ಬರೇ ಎಂದು ಮೆಚ್ಚಿದರು. ನಗದೆ ಕೂತವಳು ನಾನೊಬ್ಬಳೇ. ಮಾರನೆಯ ದಿನ ಚಾಪೆಯನ್ನು ಕೈತೊಳೆಯುವ ತೊಟ್ಟಿಯ ಹತ್ತಿರದ ಮೂಲೆಗೆ ಎಳೆದುಕೊಂಡು ಹೋದೆ. ಅಲ್ಲಿ ಅಂಗೈ ಅಂಗಾಲು ಊರಿ, ಸೊಂಟ ಮೇಲೆತ್ತಿ, ನಾಯಿ ಮೈಮುರಿಯುವ ಭಂಗಿಯಲ್ಲಿ ನಿಂತು, ಲೋಕವನ್ನು ತಲೆಕೆಳಗಾಗಿ ನೋಡುತ್ತ ತಕ್ಕಮಟ್ಟಿಗೆ ಶಾಂತಳಾಗುತ್ತಿದ್ದಾಗ ಆ ತುದಿಯಿಂದ ಕೂಗು ಬಂತು: "ಸುಮಂಗಲಾ, ಚೂಡಿದಾರ ಹಿಂದ ಹೊಲಿಗಿ ಬಿಚ್ಚೈತಿ ನೋಡವಾ!" ಭೂಮಿ ಬಾಯಿ ಬಿಡಲಿಲ್ಲ, ಊಟದ ಹಾಲಿಗೆ ಗ್ರಾನೈಟ್ ಹಾಕಿಸಿದ್ದರು.

ಆ ದಿನ ಶಾಲೆಯಲ್ಲಿ ಪೂರ್ತಿ ಹೊತ್ತು ಅದೇ ಯೋಚನೆ. ಏನಾದರಾಗಲಿ, ನಾಳೆ ಹೇಳಿಬಿಡಬೇಕು. ಹೇಗೆ ಹೇಳುವುದೆಂದು ವಾಕ್ಯಗಳನ್ನೂ ಜೋಡಿಸಿಕೊಂಡೆ. "ಅತ್ತಿ, ನಿಮಗ ತ್ರಾಸ ಆಗೂದು ನೋಡಾಕ ಆಗಂಗಿಲ್ರಿ, ನೀವು ಮನ್ಯಾಗ ಆರಾಮ ಇರ್ರಿ." ಎಷ್ಟು ಚೆಂದದ ವಾಕ್ಯ! ಒಂದಕ್ಷರವೂ ಕಟುವಲ್ಲ. ಹೇಳುವ ಜಾಗವನ್ನೂ ಗೊತ್ತು ಮಾಡಿಕೊಂಡೆ: ಮಂಟಪದಿಂದ ಹೊರಬಿದ್ದ ಮೇಲೆ, ಮೊದಲ ಗೇಟು ಸಿಗುವುದರೊಳಗೆ.

ಮಾರನೆಯ ದಿನ ತರಗತಿ ಮುಗಿದು ಎಲ್ಲರೂ ಹೊರಟರು. ಸಾವಿತ್ರಕ್ಕ ಬೀಗದ ಕೈ ತರಲು ಮಂಟಪದ ಮ್ಯಾನೇಜರರ ಕೋಣೆಗೆ ಹೋಗಿದ್ದರು. ನಾನು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು, ಆ ಚೆಂದದ ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತ ಅತ್ತೆಗಾಗಿ ಕಾಯುತ್ತಿದ್ದೆ. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿನಿಂದ ಕುರ್ಚಿ ಎಳೆದ ಸದ್ದು, ಆಮೇಲೆ ಮೆಹರುನ್ನೀಸಾ ಅವರ "ಹುಷಾರು, ಹುಷಾರು ಗಂಗಕ್ಕಾ" ಎಂಬ ಪಿಸುಮಾತು ಕೇಳಿಸಿತು. ಬಾಗಿಲಿಗೆ ಬಂದು ಇಣುಕಿದರೆ, ಖಾಲಿ ಹಾಲಿನ ನಡುವೆ ಇಬ್ಬರೂ ಒಬ್ಬರ ಹೆಗಲನ್ನೊಬ್ಬರು ಹಿಡಿದು ಎದುರುಬದುರು ನಿಂತಿದ್ದಾರೆ. ನಿಂತಿದ್ದಾರೆ ಎನ್ನುವಂತಿಲ್ಲ, ಅರ್ಧ ಬಗ್ಗಿದ್ದಾರೆ. ಕೆಳಗೆ ಕೂರುವುದಕ್ಕೆ ಹೊರಟು, ನಡುದಾರಿಯಲ್ಲಿ ಮೊಣಕಾಲು ಕೈಕೊಟ್ಟು, ಇತ್ತ ಕೂರಲಾರದೆ ಅತ್ತ ಏಳಲಾರದೆ, ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನ ಹಾಗೆ ನಿಂತುಬಿಟ್ಟಿದ್ದರು.

"ಅತ್ತೀ!" ಎಂದು ಕಿರುಚಿ ಓಡಿದೆ. ನನ್ನ ಕೂಗಿಗೆ ಸಾವಿತ್ರಕ್ಕನೂ ಓಡಿ ಬಂದರು. ನಾನು ಅತ್ತೆಯನ್ನು ಹಿಂದಿನಿಂದ ತಬ್ಬಿ ಹಿಡಿದೆ, ಅವರು ಮೆಹರುನ್ನೀಸಾ ಅವರನ್ನು ಹಿಡಿದರು. ಹೇಗೋ ಇಬ್ಬರನ್ನೂ ಕುರ್ಚಿಗೆ ಸೇರಿಸಿದ ಮೇಲೆ ಸಾವಿತ್ರಕ್ಕ, ಗಾಬರಿಯಲ್ಲಿ ತರಗತಿಯ ಭಾಷೆ ಮರೆತು ತಮ್ಮ ಮನೆಮಾತಿನಲ್ಲಿ, "ಎಂತ ಮಾಡ್ತಿದ್ರಿ ನಿಂಗ? ಆನು ಒಂದು ಗಳಿಗೆ ಆಚೆ ಹೋಗಿ ಬಪ್ಪದ್ರೊಳಗೆ! ಬಿದ್ದು ಸೊಂಟ ಮುರ್ಕಂಡಿದ್ರೆ ಎಂತ ಗತಿ?" ಎಂದು ಎದೆ ಮುಟ್ಟಿಕೊಂಡರು. ಅವರು ಗದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಾತೇ ಆಡಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆಯಾಯಿತು.

"ಏನಾಗಿತ್ತರಿ ಅತ್ತಿ, ಯಾಕ ಹಿಂಗ ಮಾಡಿದ್ರಿ?" ಎಂದೆ.

"ನೆಲಕ್ಕ ಕುಂದ್ರಬೇಕಿತ್ತವಾ" ಎಂದರು ಅತ್ತೆ.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಮದುವೆಯಾಗಿ ಬಂದ ದಿನದಿಂದ ನೆಲದ ಮೇಲೆ ಮಣೆ ಹಾಕಿ ಕೂತು, ಎಡಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿದವರು ಅವರು. ಮೊಣಕಾಲು ಸವೆದಿದೆ, ಕೆಳಗೆ ಕೂರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಕುರ್ಚಿಯಲ್ಲೇ ಪೂಜೆ ನಡೆದಿತ್ತು. "ಮಾಡ್ತೇನಿ, ಇಲ್ಲನ್ನಂಗಿಲ್ಲ. ಆದ್ರ ಕುರ್ಚಿ ಮ್ಯಾಲ ಕುಂತ್ರ ಕಾಲು ಜೋಲಾಡ್ತಾವ. ಬಸ್ ಸ್ಟ್ಯಾಂಡಿನ್ಯಾಗ ಬಸ್ಸಿಗೆ ಕಾಯಾಕತ್ತಂಗ ಅನ್ನಸ್ತೈತಿ. ಶಿವನ ಮುಂದ ಕುಂತಂಗ ಅನ್ನಸಂಗಿಲ್ಲ."

"ನಂಗೆ ದವಾಖಾನೆಯಲ್ಲಿ ಕೂತ ಹಾಗೆ" ಎಂದರು ಮೆಹರುನ್ನೀಸಾ. "ಕುರ್ಚಿ ಮೇಲೆ ನಮಾಜು ಮಾಡ್ತೇನಲ್ಲ, ನನ್ನ ಪಾಳಿ ಯಾವಾಗ ಬರ್ತದೆ, ಒಳಗೆ ಯಾವಾಗ ಕರೀತಾರೆ ಅಂತ ಕಾಯ್ತಾ ಇದ್ದ ಹಾಗೆ. ಹಣೆ ನೆಲಕ್ಕೆ ಮುಟ್ಟಿ ಎಷ್ಟು ದಿನ ಆಯ್ತು, ಅರೆ ಅಲ್ಲಾ! ನೀವೆಲ್ಲ ವಜ್ರಾಸನ ಅಂತ ಕೂತಿರ್ತೀರಲ್ಲ, ಅದನ್ನ ನೋಡ್ಲಿಕ್ಕೇ ಬರೋದು ನಾನು. ನಾವು ನಮಾಜಿಗೆ ಕೂತ್ಕೊಳ್ಳೋದು ಹಾಗೇ."

ಅತ್ತೆ ನನ್ನ ಕಡೆ ತಿರುಗಿ, ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳ ಹಾಗೆ ಮುಖ ಮಾಡಿ, "ಇಲ್ಲಿ ಬಂದವರೆಲ್ಲ ಹಂತಹಂತಕ್ಕ ಬಗ್ಗಾಕ ಕಲ್ತಾರಲ್ಲ, ನಾನೂ ನೋಡಿ ಕಲೀತೇನಿ ಅಂದ್ಕೊಂಡೆ. ನಿನಗ ಹೇಳಿದ್ರ ಬ್ಯಾಡಂತಿದ್ದಿ" ಎಂದರು.

ಬೇಡವೆನ್ನಲು ವಾಕ್ಯ ಸಿದ್ಧ ಮಾಡಿಕೊಂಡೇ ಬಂದಿದ್ದವಳು ನಾನು. ಮನೆಯಲ್ಲಿ ಪೂಜೆಗಿದ್ದ ಆ ಕುರ್ಚಿಯನ್ನು ತಂದವಳೂ ನಾನೇ. ಕೈ ಇಡಲು ಹಿಡಿ, ಬೆನ್ನಿಗೆ ಹೂವಿನ ದಿಂಬು, ಎಲ್ಲ ನೋಡಿ ಆರಿಸಿದ್ದೆ. ಬಂದವರಿಗೆಲ್ಲ, "ಅತ್ತಿಗೆ ಪೂಜಿಗೆ ಅನುಕೂಲ ಆಗ್ಲಿ ಅಂತ" ಎಂದು ತೋರಿಸಿದ್ದೆ. ಅದಾದ ಮೇಲೆ ಅವರ ಪೂಜೆ ಬೇಗ ಮುಗಿಯತೊಡಗಿದ್ದನ್ನು ಕಂಡು, ಕುರ್ಚಿಯ ಸುಖವೇ ಅಂಥದ್ದು ಎಂದುಕೊಂಡಿದ್ದೆ. ನನ್ನ ಕೊರಳಲ್ಲೂ ಲಿಂಗ ಇದೆ. ಶಾಲೆಯ ಗಂಟೆಯ ಭಯದಲ್ಲಿ ನಿಂತ ಕಾಲಲ್ಲೇ ವಿಭೂತಿ ಹಚ್ಚಿ ಕೈಮುಗಿದು ಮುಗಿಸುವವಳು ನಾನು. ಊರಿಗೆಲ್ಲ ಅಧ್ಯಾತ್ಮ ಎಂದು ಹೇಳಿ ನಾನು ಬರುತ್ತಿದ್ದುದು ವಿಶ್ರಾಂತಿಗೆ. ನಾಲ್ಕು ಜನರ ಮುಖ ನೋಡುವುದಕ್ಕೆ ಎಂದು ಹೇಳಿ ಅತ್ತೆ ಬರುತ್ತಿದ್ದುದು ದೇವರ ಮುಂದೆ ಸರಿಯಾಗಿ ಕೂರುವುದಕ್ಕೆ. ಇಬ್ಬರೂ ಸುಳ್ಳೇ ಹೇಳಿದ್ದೆವು, ಆದರೆ ಅವರ ಸುಳ್ಳು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಸಾವಿತ್ರಕ್ಕ, "ಡಾಕ್ಟ್ರನ್ನ ಕೇಳದೆ ನಾನು ಕೈ ಹಾಕೂದಿಲ್ಲ. ಅವರು ಅಡ್ಡಿಲ್ಲೆ ಅಂದ್ರೆ ನೋಡುವ" ಎಂದರು. ನಾನು ಅರ್ಧ ದಿನ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋದೆ. ಮೆಹರುನ್ನೀಸಾ ಅವರ ಒಂದು ಮೊಣಕಾಲಿಗೆ ಆಗಲೇ ಆಪರೇಷನ್ ಆಗಿತ್ತು. ಡಾಕ್ಟರು ತಲೆಯಾಡಿಸಿ, ಅವರು ನೆಲದ ಆಸೆ ಬಿಡುವುದೇ ಒಳ್ಳೆಯದು ಎಂದರು. ಅತ್ತೆಯ ಕಾಲನ್ನು ಮಡಿಸಿ ಬಿಡಿಸಿ ನೋಡಿ, ಒಮ್ಮೆಗೇ ಬೇಡ, ಎತ್ತರದಿಂದ ನಿಧಾನ ಇಳಿಸಿ, ಮೊಣಕಾಲ ಕೆಳಗೆ ದಿಂಬಿರಲಿ, ನೋವು ಬಂದಲ್ಲಿಗೆ ನಿಲ್ಲಿಸಿ ಎಂದರು. ಹೊರಗೆ ಬಂದ ಮೇಲೆ ಅತ್ತೆಗೆ ಸಂತೋಷಪಡಲು ಸಂಕೋಚ. ಗೆಳತಿಯ ಮುಖ ನೋಡದೆ ಕೋಲನ್ನೇ ನೋಡುತ್ತಿದ್ದರು. ಮೆಹರುನ್ನೀಸಾ ಅವರೇ ಅತ್ತೆಯ ಕೈ ಹಿಡಿದು, "ನನ್ನ ಮೊಣಕಾಲು ಎಂಥದು ಅಂತ ಅಲ್ಲಾಹನಿಗೆ ಗೊತ್ತಿದೆ ಗಂಗಕ್ಕಾ. ನೀನು ಕೂತ್ಕೊಳ್ಳೋವಾಗ ನನ್ನ ಪಾಲಿಂದೂ ಸ್ವಲ್ಪ ಕೂತ್ಕೋ" ಎಂದರು. ದವಾಖಾನೆಯ ಮೆಟ್ಟಿಲ ಮೇಲೆ ನಾನು ರಿಕ್ಷಾ ಹುಡುಕುವ ನೆಪದಲ್ಲಿ ಆಚೆ ನೋಡಿದೆ.

ಹೀಗೆ ನಮ್ಮ ಹೊಸ ಯೋಗ ಸುರುವಾಯಿತು. ನಮ್ಮ ಮನೆಯವರು ಪಂಪು ಬರುವ ಮರದ ಪೆಟ್ಟಿಗೆಗಳನ್ನು ಬಡಗಿಯ ಕೈಲಿ ಕೊಯ್ಸಿ, ಒಂದಕ್ಕಿಂತ ಒಂದು ತಗ್ಗಾದ ಪೀಠಗಳನ್ನು ಮಾಡಿಸಿ ಕೊಟ್ಟರು. ಮೇಲಿದ್ದ ಕಂಪನಿಯ ಅಚ್ಚು ಹಾಗೇ ಉಳಿದಿದ್ದರಿಂದ ಅತ್ತೆ ಕೂತ ಪೀಠದ ಮೇಲೆಲ್ಲ "ಜೋಪಾನ, ಒಡೆಯುವ ವಸ್ತು" ಎಂಬ ಅರ್ಥದ ಲೋಟದ ಚಿತ್ರ ಇತ್ತು. ಕುರ್ಚಿಯಿಂದ ದೊಡ್ಡ ಪೆಟ್ಟಿಗೆಗೆ ಇಳಿದಾಗ ತರಗತಿಯವರು ಚಪ್ಪಾಳೆ ತಟ್ಟಿದರು. ಇಳಿಸುವ ಕೆಲಸ ನನ್ನದು. ಸಾವಿತ್ರಕ್ಕ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿ, ನನ್ನ ಕೈಗಳನ್ನು ಅತ್ತೆಯ ಕಂಕುಳಿನ ಕೆಳಗೆ ಇಡಿಸಿ, "ಉಸಿರು ತಗಳಿ... ಇಬ್ರೂ ಕೂಡಿ ಬಿಡಿ... ಬಿಡ್ತಾ ಬಿಡ್ತಾ ಕೆಳಗೆ" ಎನ್ನುತ್ತಿದ್ದರು. ಈ ಮನೆಗೆ ಬಂದು ಇಷ್ಟು ವರ್ಷಗಳಾದವು. ಹಬ್ಬಕ್ಕೆ ಕಾಲು ಮುಟ್ಟಿದ್ದು ಬಿಟ್ಟರೆ ಅತ್ತೆಯನ್ನು ನಾನು ಹೀಗೆ ಹಿಡಿದೇ ಇರಲಿಲ್ಲ. ಅಷ್ಟು ಮಾತಾಡುವ ಮೈ ಇಷ್ಟು ಹಗುರವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವಿಭೂತಿಯ ವಾಸನೆ, ನೋವಿನ ಮುಲಾಮಿನ ವಾಸನೆ, ಕುಪ್ಪಸದ ತೋಳಿನೊಳಗೆ ಗುಬ್ಬಿಯಂಥ ಎಲುಬು. ಮೊದಮೊದಲು ನಾನು ಉಸಿರು ತೆಗೆದುಕೊಳ್ಳುವಾಗ ಅವರು ಬಿಡುತ್ತಿದ್ದರು, ಅವರು ಬಿಡುವಾಗ ನಾನು ನಗುತ್ತಿದ್ದೆ. ಕ್ರಮೇಣ ಒಂದು ದಿನ ಇಬ್ಬರ ಉಸಿರೂ ಕೂಡಿ ಹೊರಗೆ ಬಂತು. ಆಗ ಹುಬ್ಬಿನ ನಡುವೆ ಬೆಳಕು ಗಿಳಕು ಏನೂ ಕಾಣಲಿಲ್ಲ. ಅತ್ತೆಯ ಎಡಗಿವಿಯ ಹಿಂದೆ ಒಂದು ಮಚ್ಚೆ ಕಂಡಿತು. ಇಷ್ಟು ವರ್ಷ ಅದು ಅಲ್ಲೇ ಇತ್ತು.

ಎಲ್ಲವೂ ನೇರವಾಗಿ ಇಳಿಯುತ್ತ ಹೋಗಲಿಲ್ಲ. ಸಣ್ಣ ಪೆಟ್ಟಿಗೆಯ ಹೊತ್ತಿಗೆ ಒಂದು ದಿನ ಮೊಣಕಾಲು ಬಾತುಕೊಂಡಿತು. ಅತ್ತೆ ಮಂಚದ ಮೇಲೆ ಕಾಲು ಚಾಚಿ, "ಹೋಗ್ಲಿ ಬಿಡವಾ, ನನ್ನ ಹಣ್ಯಾಗ ಬಸ್ ಸ್ಟ್ಯಾಂಡೇ ಬರದೈತಿ" ಎಂದು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಆ ವಾರ ನಾನೊಬ್ಬಳೇ ಯೋಗಕ್ಕೆ ಹೋದೆ. ಯಾರೂ ನನ್ನ ಹೆಸರು ಕರೆಯಲಿಲ್ಲ, ನಾನು ಬಯಸಿದ್ದ ನಿಶ್ಶಬ್ದ ಪೂರಾ ಒಂದು ಹಾಲಿನಷ್ಟು ಸಿಕ್ಕಿತು. ಕಣ್ಣು ಮುಚ್ಚಿ ಕೂತರೆ ಬಾತ ಮೊಣಕಾಲೇ ಕಾಣುತ್ತಿತ್ತು. ಧ್ಯಾನದ ನಡುವೆ ಎದ್ದು, ಮೆಹರುನ್ನೀಸಾ ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಹೋಗಿ ಕೂತೆ. ಅವರು ಕಣ್ಣು ತೆರೆಯದೆಯೇ ನನ್ನ ತೊಡೆ ತಟ್ಟಿ, "ಇಳೀತದೆ, ಬಾವು ಇಳೀತದೆ" ಎಂದರು. ಹಾಗೇ ಇಳಿಯಿತು. ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ, ಪೆಟ್ಟಿಗೆಯ ಮೇಲೊಂದು ಕಂಬಳಿ ಹೆಚ್ಚು ಹಾಕಿ, ಮತ್ತೆ ಸುರು ಮಾಡಿದೆವು.

ಕೊನೆಗೆ ಒಂದು ಸೋಮವಾರ ಬೆಳಗ್ಗೆ ಅತ್ತೆ ಸ್ನಾನ ಮಾಡಿ ಬಂದು, ದೇವರ ಕೋಣೆಯ ಬಾಗಿಲಲ್ಲಿ ನಿಂತು, "ಸುಮಂಗಲಾ, ಮಣಿ ಹಾಕು" ಎಂದರು. ನಾನು ಹಳೆಯ ಮಣೆಯನ್ನು ಒರೆಸಿ, ಕಂಬಳಿ ಮಡಚಿ ಹಾಸಿ, ಎರಡೂ ಕಡೆ ದಿಂಬಿಟ್ಟೆ. ಇಬ್ಬರೂ ಉಸಿರು ಬಿಟ್ಟೆವು. ಅತ್ತೆ ಕೂತರು. ಕೂತವರು ಮೊದಲು ಮಾಡಿದ್ದು, ಬಲಗೈಯನ್ನು ಚಾಚಿ ಅಂಗೈಯಿಂದ ನೆಲ ಸವರಿದ್ದು, ಬಹಳ ದಿನದ ಮೇಲೆ ಊರಿಗೆ ಬಂದವರು ದನದ ಮೈ ಸವರುವ ಹಾಗೆ. ಆಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಸಲ ಸವರಿ, "ಇದು ಮೆಹರವ್ವಂದು" ಎಂದರು. ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರೆಯ ಎಸಳು ಏರಿಸಿ, ಅದನ್ನೇ ನೋಡುತ್ತ ಕೂತುಬಿಟ್ಟರು. ನಲ್ಲಿ, ಕುಕ್ಕರು, ಟಿ.ವಿ.ಯ ಹುಡುಗಿ, ಯಾರ ನೆನಪೂ ಅವರಿಗಿರಲಿಲ್ಲ. ಕುರ್ಚಿ ಬರುವ ಮೊದಲು ನಮ್ಮ ಮನೆಯಲ್ಲಿ ಅಂಥದೊಂದು ಮೌನ ದಿನಾ ಹುಟ್ಟುತ್ತಿತ್ತು, ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಮಿಕ್ಸರ್ ಹಾಕಿರುತ್ತಿದ್ದೆ.

ಈಗ ದಿನಾ ಕೂರುತ್ತಾರೆ. ಏಳುವುದನ್ನೂ ಸಾವಿತ್ರಕ್ಕ ಕಲಿಸಿಕೊಟ್ಟಿದ್ದಾರೆ: ಪಕ್ಕಕ್ಕೆ ಹೊರಳಿ, ಪೆಟ್ಟಿಗೆಗೆ ಕೈಯೂರಿ, ಕಿಟಕಿಯ ಸರಳು ಹಿಡಿದು, ಉಸಿರು ಬಿಡುತ್ತ ಮೇಲಕ್ಕೆ. ಆದರೂ ಜೊತೆಗೆ ಒಬ್ಬರು ಇರಬೇಕೆಂದು ಸಾವಿತ್ರಕ್ಕನ ಆಜ್ಞೆ. ಆ ಒಬ್ಬಳು ನಾನೇ. ಹೇಗೂ ಇರಬೇಕಲ್ಲ ಎಂದು ನಾನೂ ಪಕ್ಕದಲ್ಲಿ ಒಂದು ಚಾಪೆ ಹಾಕಿ, ಕಾಲು ಮಡಚಿ, ನನ್ನ ಲಿಂಗವನ್ನೂ ಅಂಗೈಯಲ್ಲಿಟ್ಟು ಕೂರುತ್ತೇನೆ. ಮೊನ್ನೆ ಹಾಗೆ ಕೂತಾಗ ಉತ್ತರಪತ್ರಿಕೆಗಳು ಬರಲಿಲ್ಲ, ಬಾತ ಮೊಣಕಾಲೂ ಬರಲಿಲ್ಲ. ಪಕ್ಕದಲ್ಲಿ ಅತ್ತೆಯ ಉಸಿರು, ಅದಕ್ಕೆ ಹೊಂದಿ ನನ್ನದು, ನಡುವೆ ಏನೂ ಇಲ್ಲ. ಎಷ್ಟು ಹೊತ್ತು ಹೋಯಿತೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಅತ್ತೆ ಆಗಲೇ ತಾವಾಗಿ ಎದ್ದು, ಸರಳು ಹಿಡಿದು ನಿಂತು, ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಣ್ಣ ಬೆರಗು ಇತ್ತು.

"ಏಳವಾ, ಸಾಲಿಗೆ ಹೊತ್ತಾತು" ಎಂದರು ಮೆತ್ತಗೆ.

ಇಂಥ ಅನುಭವದಿಂದ ಎಚ್ಚೆತ್ತ ಸಾಧಕರು ಮೊದಲು ಏನು ನುಡಿಯುತ್ತಾರೋ ನನಗೆ ಗೊತ್ತಿಲ್ಲ. ನನ್ನ ಬಾಯಿಂದ ಬಂದದ್ದು, "ಅಯ್ಯಯ್ಯೋ, ನನ್ನ ಕಾಲು!" ಎರಡೂ ಕಾಲು ಜೋಮು ಹಿಡಿದು, ಅವು ನನ್ನವೇ ಎಂಬ ನಂಬಿಕೆಯೂ ಉಳಿದಿರಲಿಲ್ಲ. ಅತ್ತೆ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, "ಉಸಿರು ಬಿಡು... ಬಿಡ್ತಾ ಬಿಡ್ತಾ ಮ್ಯಾಲೇಳು. ಅಡ್ಡಿಲ್ಲೆ, ಅಡ್ಡಿಲ್ಲೆ" ಎಂದರು.